ಚೀಲದ ಮೇಲೆ ಇಲ್ಲದ ಒಂದು ಸಾಲು

ಕೋವಿಡ್ ಮುಗಿದು ಜನ ಮಾಸ್ಕ್ ಮರೆತ ಮರುವರ್ಷ. ಬೆಳಗಾವಿಯ ಒಂದು ಮಧ್ಯಮ ಗಾತ್ರದ ಜಾಹೀರಾತು ಸಂಸ್ಥೆಯಲ್ಲಿ ನಾನು ಅಕೌಂಟ್ ಡೈರೆಕ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಈ ಹುದ್ದೆಯ ಹೆಸರು ಕೇಳಿ ನಮ್ಮ ಬಂಧುಗಳೆಲ್ಲ ನಾನು ಲೆಕ್ಕಪತ್ರ ಬರೆಯುತ್ತೇನೆಂದೇ ತಿಳಿದಿದ್ದರು. ನಮ್ಮ ವೃತ್ತಿಯಲ್ಲಿ ಅಕೌಂಟ್ ಎಂದರೆ ಕ್ಲೈಂಟ್, ಅಂದರೆ ನಮಗೆ ಕೆಲಸ ಕೊಟ್ಟ ಕಂಪನಿ. ಆ ಕಂಪನಿಗೆ ಏನು ಬೇಕೆಂದು ತಿಳಿದುಕೊಂಡು ನಮ್ಮ ಬರಹಗಾರರಿಗೂ ಡಿಸೈನರ್‌ಗಳಿಗೂ ಮುಟ್ಟಿಸುವುದು, ಅವರು ಮಾಡಿಕೊಟ್ಟದ್ದನ್ನು ಕಂಪನಿಗೆ ಒಪ್ಪಿಸುವುದು ನನ್ನ ಕೆಲಸ. ಇಬ್ಬರಿಗೂ ಸಿಟ್ಟು ಬಂದಾಗ ಮೊದಲು ಕೈಗೆ ಸಿಗುತ್ತಿದ್ದವಳೂ ನಾನೇ.

ಆ ವರ್ಷ ಬಂದ ಹೊಸ ಕ್ಲೈಂಟ್ ಒಂದು ಪಶು ಆಹಾರದ ಕಾರ್ಖಾನೆ. ಅದರ ಒಡತಿಯನ್ನು ಇಲ್ಲಿ ಸುನಂದಾ ಎಂದು ಕರೆಯುತ್ತೇನೆ. ಬೇಡಕಿಹಾಳದ ಕಡೆಯ ಜೈನ ಮನೆತನ. ಕಬ್ಬಿನ ಹೊಲ, ಜೊತೆಗೆ ಮಾವನ ಕಾಲದಿಂದ ಹಿಂಡಿ–ಬೂಸಾದ ವ್ಯಾಪಾರ. ಮಾವನ ನಂತರ ವ್ಯಾಪಾರ ಕೈಗೆತ್ತಿಕೊಂಡ ಸುನಂದಾ ಊರ ಹೊರಗೆ ಒಂದು ಶೆಡ್ ಹಾಕಿಸಿ, ಯಂತ್ರ ಕೂರಿಸಿ, ಸ್ವಂತ ಪಶು ಆಹಾರ ತಯಾರಿಸತೊಡಗಿದ್ದರು. ಅಲ್ಲಿಯವರೆಗೆ ಅದು ಹೆಸರಿಲ್ಲದ ಬಿಳಿ ಚೀಲದಲ್ಲಿ ಪರಿಚಯದವರಿಗೆ ಮಾತ್ರ ಹೋಗುತ್ತಿತ್ತು. ಈಗ ಅದಕ್ಕೊಂದು ಹೆಸರಿಟ್ಟು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕುಗಳ ಅಂಗಡಿಗಳಿಗೆ ಹಾಕಬೇಕೆಂದು ಅವರ ಆಸೆ. ಆಗ ಅವರಿಗೆ ಐವತ್ತರ ಆಸುಪಾಸು.

ಕ್ಲೈಂಟ್ ತನ್ನ ಸರಕು, ಅದನ್ನು ಕೊಳ್ಳುವವರು, ತನ್ನ ಗುರಿ ಇವನ್ನೆಲ್ಲ ವಿವರಿಸಿ ಹೇಳುವುದಕ್ಕೆ ನಾವು ಬ್ರೀಫ್ ಎನ್ನುತ್ತೇವೆ. ಮೂವತ್ತು ವರ್ಷಗಳಲ್ಲಿ ನಾನು ಕೇಳಿದ ಬ್ರೀಫ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: ಎಸಿ ಕೋಣೆ, ಚಹಾ, ಅರ್ಧ ತಾಸು. ಕೊನೆಗೆ ‘ಲೋಗೋ ಮಾತ್ರ ದೊಡ್ಡದಾಗಿರಲಿ’ ಎಂಬ ಮಾತು. ಸುನಂದಾ ಹಾಗೆ ಮಾಡಲಿಲ್ಲ. ನನ್ನನ್ನೂ ನಮ್ಮ ಡಿಸೈನರ್ ಪ್ರಶಾಂತನನ್ನೂ ಕರೆಸಿಕೊಂಡು ಮೂರು ದಿನ ತಮ್ಮ ಜೀಪಿನಲ್ಲಿ ದನದ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಸುತ್ತಿಸಿದರು. ಬೆಂಗಳೂರಿನಲ್ಲಿ ಓದಿ ಬಂದಿದ್ದ, ಮೂವತ್ತು ದಾಟಿದ ಪ್ರಶಾಂತನ ಕೈಗೆ ಬಕೆಟ್ ಕೊಟ್ಟು, ಆಹಾರ ನೆನೆಸಿ ಎಮ್ಮೆಗೆ ಇಡಲು ಹಚ್ಚಿದರು. ಅವನ ಬಿಳಿ ಬೂಟು ಸಂಜೆಯ ಹೊತ್ತಿಗೆ ಬಣ್ಣವೇ ಬದಲಾಗಿತ್ತು.

ಮೊದಲ ಡಿಸೈನಿನಲ್ಲಿ ಅವನು ಇಂಟರ್ನೆಟ್ಟಿನಿಂದ ತೆಗೆದ, ಸುರುಳಿ ಕೋಡಿನ ಒಂದು ಎಮ್ಮೆಯ ಚಿತ್ರ ಹಾಕಿದ್ದ. ಸುನಂದಾ ನೋಡಿ ನಕ್ಕರು.

“ಚಂದ ಐತ್ರಿ. ಆದ್ರ ಇದು ನಮ್ಮ ಎಮ್ಮಿ ಅಲ್ಲ. ನಮ್ಮ ಕಡೀದು ಪಂಢರಪುರಿ. ಕೋಡು ಹಿಂದ ಭುಜದ ತನಕ ಹೋಗಿರತಾವ. ಈ ಚಿತ್ರ ನೋಡಿದ್ರ ಹರಿಯಾಣಾದಿಂದ ಬಂದ ಮಾಲು ಅಂತಾರ ಮಂದಿ.”

ನಮ್ಮ ಬರಹಗಾರ ‘ಹದಿನೈದೇ ದಿನದಲ್ಲಿ ಎರಡು ಲೀಟರ್ ಹೆಚ್ಚು ಹಾಲು’ ಎಂದು ಬರೆದಿದ್ದ. ಅದನ್ನೂ ಅವರು ಒಪ್ಪಲಿಲ್ಲ. ಕೆಲವು ಎಮ್ಮೆ ಕೊಟ್ಟಾವು, ಕೆಲವು ಕೊಡಲಿಕ್ಕಿಲ್ಲ. ಕೊಡದ ಎಮ್ಮೆಯವರ ಮನೆ ಮುಂದೆ ತಾವು ಹೇಗೆ ಹಾಯ್ದುಹೋಗಬೇಕು ಎಂದು ಕೇಳಿದರು. “ಎಮ್ಮಿ ನಮ್ಮ ಜಾಹೀರಾತು ಓದೂದಿಲ್ರಿ ಮೇಡಂ. ಬಕೆಟ್ಟಿನ್ಯಾಗ ಏನೈತಿ ಅಷ್ಟ ನೋಡತೈತಿ” ಎಂದರು. ಕೊನೆಗೆ ಚೀಲದ ಮೇಲೆ ಉಳಿದದ್ದು ಆಹಾರದಲ್ಲಿ ಏನೇನಿದೆ, ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಮೂರೇ ಸಂಗತಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಗಡಿಯ ಈ ಊರುಗಳಲ್ಲಿ ಎರಡೂ ಬೇಕು.

ಆ ಮೂರನೆಯ ಸಂಗತಿಯೇ ಈ ಕಥನದ ವಿಷಯ. ಸುನಂದಾ ಅವರ ಆಹಾರದಲ್ಲಿ ನಿಯಮದ ಮಿತಿಯಲ್ಲೇ ಸ್ವಲ್ಪ ಯೂರಿಯಾ ಇರುತ್ತಿತ್ತು. ಹೊಲಕ್ಕೆ ಹಾಕುವ ಯೂರಿಯಾವೇ. ದೊಡ್ಡ ದನ ಅದನ್ನು ಹೊಟ್ಟೆಯಲ್ಲಿ ಪ್ರೋಟೀನ್ ಆಗಿ ಮಾಡಿಕೊಳ್ಳುತ್ತದೆ. ಎಳೆಯ ಕರುವಿನ ಹೊಟ್ಟೆಗೆ ಇನ್ನೂ ಆ ಶಕ್ತಿ ಬಂದಿರುವುದಿಲ್ಲ. ಅದಕ್ಕೆ ಅದು ವಿಷವೂ ಆಗಬಹುದು. ಆದ್ದರಿಂದ ‘ಆರು ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ’ ಎಂಬ ಸಾಲು ಚೀಲದ ಎರಡೂ ಬದಿ ಕೆಂಪಕ್ಷರದಲ್ಲಿ ಇರಬೇಕೆಂದು ಸುನಂದಾ ಮೊದಲ ದಿನವೇ ಹೇಳಿದ್ದರು. ಪ್ರಶಾಂತ ಹಾಗೆಯೇ ಮಾಡಿದ್ದ. ಐವತ್ತು ಕಿಲೋ ಚೀಲದ ಪ್ರೂಫ್, ಅಂದರೆ ಅಚ್ಚಿಗೆ ಹೋಗುವ ಮುನ್ನ ತೋರಿಸುವ ಮಾದರಿ, ಸುನಂದಾ ಅವರ ಮೇಜಿನ ಮೇಲೆ ಎರಡು ದಿನ ಇತ್ತು. ಅವರು ಎರಡೂ ಭಾಷೆಯಲ್ಲಿ ಅಕ್ಷರ ಅಕ್ಷರ ಗಟ್ಟಿಯಾಗಿ ಓದಿ ಸಹಿ ಹಾಕಿದರು.

ಅಷ್ಟರಲ್ಲಿ ಅಂಗಡಿಯವರು ಸಣ್ಣ ಚೀಲವೂ ಬೇಕೆಂದರು. ಒಂದೋ ಎರಡೋ ದನ ಕಟ್ಟಿದವರು ಇಪ್ಪತ್ತೈದು ಕಿಲೋ ಚೀಲವನ್ನೇ ಕೇಳುತ್ತಾರೆ. ಅಚ್ಚಿನ ಮನೆಯವರು ಅದೇ ದಿನ ಫೈಲ್ ಬೇಕೆಂದು ಅವಸರ ಮಾಡಿದರು. ಪ್ರಶಾಂತ ದೊಡ್ಡ ಚೀಲದ ಡಿಸೈನನ್ನು ಸಣ್ಣ ಅಳತೆಗೆ ಇಳಿಸಿದ. ನಾನು ಅದನ್ನು ಸುನಂದಾ ಅವರ ಮೊಬೈಲಿಗೆ ಕಳಿಸಿ ಫೋನ್ ಮಾಡಿದೆ. ಅವರು ಆಗ ನಿಪ್ಪಾಣಿಯಲ್ಲಿ ಒಂದು ಮದುವೆಯಲ್ಲಿದ್ದರು. ಹಿಂದೆ ವಾಲಗದ ಸದ್ದು ಕೇಳುತ್ತಿತ್ತು.

“ಎಲ್ಲಾ ಸರಿ ಐತಲ್ರಿ ಮೇಡಂ?” ಎಂದು ಕೇಳಿದರು.

“ಬರೇ ಅಳತೆ ಬದಲಾಗಿದೆ. ಅಕ್ಷರ ಒಂದೂ ಬದಲಾಗಿಲ್ಲ” ಎಂದೆ.

ಅವರು ‘ಒಪ್ಪಿಗೆ’ ಎಂದು ಮೆಸೇಜ್ ಕಳಿಸಿದರು. ನಾನು ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ. ನಮ್ಮ ಉದ್ಯೋಗದಲ್ಲಿ ಕ್ಲೈಂಟಿನ ಇಂಥ ಒಪ್ಪಿಗೆಗೆ ಅಪ್ರೂವಲ್ ಎಂದು ಹೆಸರು. ಅದು ಕೈಗೆ ಬಂದ ಮೇಲೆ ಅಚ್ಚಿನಲ್ಲಿ ಏನೇ ತಪ್ಪಿದ್ದರೂ ಜವಾಬ್ದಾರಿ ಕ್ಲೈಂಟಿನದು ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಚೀಲಗಳು ಮಾರುಕಟ್ಟೆಗೆ ಬಂದು ಹತ್ತು ದಿನವಾಗಿತ್ತು. ಅಂಗಡಿಗಳಲ್ಲಿ ಸರಕು ಹೇಗೆ ಇಟ್ಟಿದ್ದಾರೆ, ಗಿರಾಕಿಗಳು ಏನನ್ನುತ್ತಾರೆ ಎಂದು ನೋಡಲು ನಾವು ಆಗಾಗ ತಿರುಗುತ್ತೇವೆ. ಆ ದಿನ ಬೆಳಿಗ್ಗೆ ನಾನು ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಲ್ಲಿದ್ದೆ. ಅಂಗಡಿಯವನೊಡನೆ ಮಾತಾಡುತ್ತಿರುವಾಗ ಪಕ್ಕದ ಓಣಿಯಿಂದ ಒಬ್ಬ ಹೆಂಗಸು ಓಡಿ ಬಂದಳು. ಹೆಸರು ಮಾಲವ್ವ, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕಿ ಸಂಸಾರ ನಡೆಸುವವಳು.

“ದನದ ಡಾಕ್ಟರಿಗೆ ಫೋನ್ ಹಚ್ರಿ ಲಗೂನ! ನಮ್ಮ ಕರಾ ನಡಗಾಕತ್ತೈತಿ, ಬಾಯಾಗ ನೊರಿ ಬರಾಕತ್ತೈತಿ!”

ಅಂಗಡಿಯವನು ಫೋನ್ ಹಚ್ಚಿದ. ನಾನೂ ಅವಳ ಹಿಂದೆ ಹೋದೆ. ಮೂರು ತಿಂಗಳ ಎಮ್ಮೆಗರು ಗೋಡೆಗೆ ಆತು ಬಿದ್ದಿತ್ತು. ಹೊಟ್ಟೆ ಉಬ್ಬಿ, ಕಾಲು ಬಿಗಿದುಕೊಂಡಿತ್ತು. ಪಕ್ಕದ ಬುಟ್ಟಿಯಲ್ಲಿ ಅರ್ಧ ತಿಂದ ಆಹಾರವಿತ್ತು. ಅದರ ಬಣ್ಣ, ವಾಸನೆ ನನಗೆ ಗುರುತಿದ್ದವು. ಮೂರು ದಿನ ಅದರಲ್ಲೇ ಕೈಯಾಡಿಸಿದ್ದೆನಲ್ಲ.

“ಇದನ್ನ ಕರುವಿಗೆ ಕೊಟ್ಟೆಯಾ?” ಎಂದು ಕೇಳಿದೆ.

“ಹೌದ್ರಿ. ಎರಡು ದಿನ ಒಂದೊಂದು ಹಿಡಿ ಕೊಟ್ಟಿದ್ದೆ, ಚಲೋ ತಿಂತು. ಇವತ್ತ ಜಾಸ್ತಿ ಹಾಕಿದ್ನಿ. ಕೊಡಬಾರದನ್ರಿ? ಚೀಲದ ಮ್ಯಾಲ ಹಂಗೇನ ಬರದಿಲ್ಲಲ್ರಿ. ನಾ ಏಳನೇತ್ತ ಕಲ್ತೀನಿ, ಓದಾಕ ಬರತೈತಿ ನನಗ.”

ಬರೆದಿದೆ ಎಂದು ಹೇಳಲು ಹೋಗಿ ಚೀಲವನ್ನು ಬೆಳಕಿಗೆ ಎಳೆದೆ. ಇಪ್ಪತ್ತೈದು ಕಿಲೋ ಚೀಲ. ಕನ್ನಡದ ಬದಿಯಲ್ಲಿ ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಆ ಸಾಲು ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಹಸಿರು ಪಟ್ಟಿ ಕೂತಿತ್ತು. ಚೀಲ ತಿರುಗಿಸಿದೆ. ಮರಾಠಿಯಲ್ಲಿ ಸಾಲು ಇತ್ತು, ಕೆಂಪಕ್ಷರದಲ್ಲಿ, ದೊಡ್ಡದಾಗಿ. ಮಾಲವ್ವನಿಗೆ ಮರಾಠಿ ಮಾತು ತಿಳಿಯುತ್ತಿತ್ತು, ಆ ಲಿಪಿ ಓದಲು ಬರುತ್ತಿರಲಿಲ್ಲ.

ಪಶುವೈದ್ಯರು ಪುಣ್ಯಕ್ಕೆ ಹತ್ತಿರದ ಊರಲ್ಲೇ ಇದ್ದರು. ಇಪ್ಪತ್ತು ನಿಮಿಷದಲ್ಲಿ ಬೈಕಿನಲ್ಲಿ ಬಂದರು. ಬುಟ್ಟಿ ನೋಡಿ, ಕರುವಿನ ಬಾಯಿ ಮೂಸಿ, ಕೇಳಿದ್ದು ಒಂದೇ: “ಯೂರಿಯಾ ಐತೇನ ಇದರಾಗ?” ಹೌದೆಂದೆ. ಅಂಗಡಿಯಿಂದ ವಿನೆಗರ್ ತರಿಸಿ, ತಣ್ಣೀರಿನಲ್ಲಿ ಬೆರೆಸಿ ಬಿದಿರಿನ ಗೊಟ್ಟದಿಂದ ಕರುವಿಗೆ ಕುಡಿಸಿದರು. ಆಮೇಲೆ ಇಂಜೆಕ್ಷನ್ ಕೊಟ್ಟರು. ಕರುವಿನ ತಲೆಯನ್ನು ಎತ್ತಿ ಹಿಡಿಯಲು ಒಬ್ಬರು ಬೇಕಾಗಿತ್ತು, ನಾನು ಹಿಡಿದುಕೊಂಡೆ. ಅದರ ನಡುಕ ನನ್ನ ಮೊಣಕೈವರೆಗೆ ಬರುತ್ತಿತ್ತು. ಒಂದೂವರೆ ತಾಸಿನ ಮೇಲೆ ನಡುಕ ನಿಂತಿತು. ವೈದ್ಯರು, “ಉಳೀತು ಅನಸ್ತದ. ಇನ್ನರ್ಧ ಬುಟ್ಟಿ ತಿಂದಿದ್ರ ಕೈಯಾಗ ಇರ್ತಿರಲಿಲ್ಲ” ಎಂದರು.

ಹೊರಗೆ ಬಂದು ನಮ್ಮ ಸಂಸ್ಥೆಯ ಮುಖ್ಯಸ್ಥರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಕೆಟ್ಟವರಲ್ಲ, ನಲವತ್ತು ಜನರ ಸಂಬಳದ ಹೊಣೆ ಹೊತ್ತವರು.

“ಅಪ್ರೂವಲ್ ಇದೆಯಾ?” ಎಂದರು.

“ಇದೆ.”

“ಹಾಗಾದರೆ ನೀವು ಏನನ್ನೂ ಒಪ್ಪಿಕೊಳ್ಳಬೇಡಿ ವಿಜಯಾ. ಬೆಳಗಾವಿಗೆ ಬನ್ನಿ. ವಕೀಲರನ್ನು ಕೇಳಿ ಒಂದು ಪತ್ರ ಬರೆಯೋಣ.”

ಕಾರಿನಲ್ಲಿ ಕೂತು ಹತ್ತು ನಿಮಿಷ ಯೋಚಿಸಿದೆ. ಅವರ ಮಾತಿನಲ್ಲಿ ಕಾನೂನಿನ ತಪ್ಪಿರಲಿಲ್ಲ. ಆದರೆ ಮದುವೆಮನೆಯಿಂದ ಬಂದ ಆ ‘ಒಪ್ಪಿಗೆ’ ಚೀಲವನ್ನು ನೋಡಿ ಕೊಟ್ಟದ್ದಲ್ಲ, ನನ್ನ ಮಾತು ಕೇಳಿ ಕೊಟ್ಟದ್ದು. ಅದು ನನಗೂ ಸುನಂದಾ ಅವರಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಪತ್ರ ಹೋಗಿ ಉತ್ತರ ಬರುವಷ್ಟರಲ್ಲಿ ಇನ್ನೆಷ್ಟು ಕೊಟ್ಟಿಗೆಗಳಲ್ಲಿ ಬುಟ್ಟಿ ಇಡುತ್ತಾರೋ. ಡ್ರೈವರ್‌ಗೆ ಬೇಡಕಿಹಾಳದ ಕಡೆ ಗಾಡಿ ತಿರುಗಿಸಲು ಹೇಳಿದೆ.

ಸುನಂದಾ ಕಾರ್ಖಾನೆಯಲ್ಲಿ ಮೆಕ್ಕೆಜೋಳದ ತೇವಾಂಶ ಪರೀಕ್ಷಿಸುತ್ತಿದ್ದರು. ನನ್ನ ಸೀರೆಯ ಮೇಲಿನ ನೊರೆ, ಮಣ್ಣು ನೋಡಿ ಎದ್ದು ನಿಂತರು. ನಿಂತಲ್ಲೇ ಎಲ್ಲ ಹೇಳಿದೆ. ಕನ್ನಡದ ಸಾಲು ತಪ್ಪಿಹೋಗಿದೆ. ಅದು ನಮ್ಮ ತಪ್ಪು. ನೋಡದೆ ಸರಿ ಇದೆ ಎಂದದ್ದು ನನ್ನ ತಪ್ಪು ಎಂದೆ.

ಅವರು ಕೇಳಿದ ಮೊದಲ ಪ್ರಶ್ನೆ, “ಕರಾ ಹೆಂಗೈತ್ರಿ?”

ಉಳಿದಿದೆ ಎಂದೆ. ಕೈಯಲ್ಲಿದ್ದ ಮೆಕ್ಕೆಜೋಳ ಕೆಳಗಿಟ್ಟು ನನ್ನತ್ತ ತಿರುಗಿದರು.

“ಅಕ್ಷರ ಬದಲಾಗಿಲ್ಲ ಅಂದಿದ್ರಿ ನೀವು.”

“ಹೌದು.”

“ಅದನ್ನ ನಾ ಆಮ್ಯಾಲ ಕೇಳತೀನಿ. ಮರಿಯೂದಿಲ್ಲ. ಈಗ ಹೇಳ್ರಿ, ನಾಳೆ ಬೆಳಿಗ್ಗಿ ಮಂದಿ ದನಕ್ಕ ಬುಟ್ಟಿ ಇಡೂದ್ರೊಳಗ ಈ ಮಾತು ಎಲ್ಲಾರಿಗೂ ಹೆಂಗ ಮುಟ್ಟಸ್ತೀರಿ?”

ನಿಜವಾದ ಬ್ರೀಫ್ ಎಂದರೆ ಅದು. ಯಾರಿಗೆ, ಏನು, ಯಾವಾಗ ಎಲ್ಲ ಒಂದೇ ವಾಕ್ಯದಲ್ಲಿತ್ತು.

ನಮ್ಮ ಪ್ರಚಾರಕ್ಕೆಂದು ಧ್ವನಿವರ್ಧಕ ಕಟ್ಟಿದ ಆಟೋಗಳನ್ನು ಇಡೀ ತಿಂಗಳಿಗೆ ಗೊತ್ತುಮಾಡಿದ್ದೆವು. ಕೇಬಲ್ ಟಿವಿಯಲ್ಲಿ ಪರದೆಯ ಕೆಳಗೆ ಓಡುವ ಸಾಲೂ ನಮ್ಮದಿತ್ತು. ಅವನ್ನೆಲ್ಲ ಈ ಕೆಲಸಕ್ಕೆ ತಿರುಗಿಸೋಣ ಎಂದೆ. ಸುನಂದಾ ಇನ್ನೊಂದನ್ನು ಸೇರಿಸಿದರು: ಹಾಲಿನ ಡೇರಿ. ದನ ಕಟ್ಟಿದವರು ದಿನಕ್ಕೆರಡು ಸಲ ತಪ್ಪದೆ ಬರುವ ಜಾಗ ಅದೊಂದೇ. ಬೆಳಗಿನ ಹಾಲು ಹಾಕುವ ಹೊತ್ತಿಗೆ ಪ್ರತಿ ಊರ ಡೇರಿಯ ಮುಂದೆ ಆಟೋ ನಿಂತಿರಬೇಕು.

ನಾನು ಅಲ್ಲೇ ಕೂತು ಪ್ರಕಟಣೆ ಬರೆದೆ. ‘ಮಾನ್ಯ ಗ್ರಾಹಕರ ಗಮನಕ್ಕೆ. ಮುದ್ರಣ ದೋಷದಿಂದಾಗಿ...’ ಎಂದು ಅದು ಶುರುವಾಗುತ್ತಿತ್ತು. ಸುನಂದಾ ಎರಡು ಸಾಲು ಓದಿ ಕಾಗದ ಕೆಳಗಿಟ್ಟರು.

“ಇದು ಕರೆಂಟ್ ಬಿಲ್ಲಿನ ಭಾಷಾ ಆತ್ರಿ. ಯಾರೂ ನಿಂತು ಕೇಳೂದಿಲ್ಲ. ನಾನ ಮಾತಾಡತೀನಿ.”

ನನ್ನ ಮೊಬೈಲಿನಲ್ಲೇ ರೆಕಾರ್ಡ್ ಮಾಡಿದೆವು. ಯಂತ್ರ ನಿಲ್ಲಿಸಿದರು. ಕಾಗದವಿಲ್ಲದೆ, ಎದುರಿಗೆ ಯಾರೋ ಕೂತಿದ್ದಾರೆಂಬಂತೆ ಹೇಳಿದರು: “ನಾನು ಬೇಡಕಿಹಾಳದ ಸುನಂದಾ ಮಾತಾಡಾಕತ್ತೀನಿ. ನಮ್ಮ ಸಣ್ಣ ಚೀಲದ ಮ್ಯಾಲ ಒಂದು ಮಾತು ಬರಿಯೂದು ತಪ್ಪೈತಿ. ತಪ್ಪು ನಮ್ಮದು. ಆರು ತಿಂಗಳೊಳಗಿನ ಕರಕ್ಕ ಈ ಆಹಾರ ಕೊಡಬ್ಯಾಡ್ರಿ. ಕೊಟ್ಟಿದ್ರ ಇವತ್ತ ನಿಲ್ಲಸ್ರಿ. ಕರಾ ಸಪ್ಪಗಾಗಿದ್ರ ಡಾಕ್ಟರನ್ನ ಕರೀರಿ, ನನಗೂ ಫೋನ್ ಮಾಡ್ರಿ.” ಅದನ್ನೇ ಮರಾಠಿಯಲ್ಲೂ ಹೇಳಿದರು, ‘ವಾಸರಾಲಾ ದೇಊ ನಕಾ’ ಎಂಬ ಮಾತನ್ನು ಎರಡು ಸಲ, ಒತ್ತಿ. ಕರುವಿಗೆ ಕೊಡಬೇಡಿ ಎಂದು.

ತಪ್ಪು ಜಾಹೀರಾತು ಸಂಸ್ಥೆಯದು ಎಂದು ಸೇರಿಸಬಹುದು, ಅದೇ ನ್ಯಾಯ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ.

“ಚೀಲದ ಮ್ಯಾಲ ನಿಮ್ಮ ಹೆಸರೈತೇನ್ರಿ? ನಂದೈತಿ” ಎಂದು ಅವರು ಮೊಬೈಲ್ ವಾಪಸು ಕೊಟ್ಟರು.

ಅಷ್ಟರಲ್ಲಿ ಪ್ರಶಾಂತನಿಗೂ ವಿಷಯ ತಿಳಿದಿತ್ತು. ಮುಖ್ಯಸ್ಥರನ್ನು ಕೇಳದೆಯೇ ಅವನು ಸಂಜೆಯ ಬಸ್ಸು ಹಿಡಿದು ಬಂದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಬರುವಾಗ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಆ ಸಾಲನ್ನು ಅಕ್ಷರ ಅಕ್ಷರ ಕತ್ತರಿಸಿ ತಂದಿದ್ದ. ಹಾಳೆಯನ್ನು ಚೀಲದ ಮೇಲಿಟ್ಟು ಕೆಂಪು ಬಣ್ಣ ಸವರಿದರೆ ಸಾಲು ಮೂಡುತ್ತಿತ್ತು. ಅಂಗಡಿಯಲ್ಲಿರುವ ಚೀಲಗಳಿಗೆಲ್ಲ ಹಾಗೇ ಮಾಡುವುದೆಂದಾಯಿತು. ಮರುದಿನದಿಂದ ಅವನು ಅಥಣಿ, ಕಾಗವಾಡದ ಕಡೆ. ನಾನು ಏಕಸಂಬಿ, ಚಿಕ್ಕೋಡಿ, ರಾಯಬಾಗದ ಕಡೆ. ನಿಪ್ಪಾಣಿಯನ್ನು ಸುನಂದಾ ತಾವೇ ಇಟ್ಟುಕೊಂಡರು. ಮಾಲವ್ವನ ಮನೆಗೂ ಅವರೇ ಹೋಗಿ, ವೈದ್ಯರ ಖರ್ಚು ಕೊಟ್ಟು ಕ್ಷಮೆ ಕೇಳಿ ಬಂದರು.

ಏಕಸಂಬಿಯ ಡೇರಿಯ ಮುಂದೆ ಮರುದಿನ ಬೆಳಗಿನ ಆರೂವರೆಗೆ ನಾನು ನಿಂತಿದ್ದೆ. ಕ್ಯಾನು ಹಿಡಿದವರು ಆಟೋದಿಂದ ಸುನಂದಾ ಅವರ ದನಿ ಕೇಳಿ ಒಬ್ಬೊಬ್ಬರಾಗಿ ನಿಂತರು. ಒಬ್ಬ ಮುದುಕ ಕೊನೆತನಕ ಕೇಳಿ, “ತಪ್ಪು ನಂದು ಅಂತ ಮೈಕಿನ್ಯಾಗ ಹೇಳ್ಯಾಳಲ್ಲೋ ಇವಳು!” ಎಂದು ಪಕ್ಕದವನ ಭುಜ ತಟ್ಟಿದ. ಇನ್ನೊಬ್ಬ ಕ್ಯಾನು ಅಲ್ಲೇ ಇಟ್ಟು ಮನೆಯ ಕಡೆ ಓಡಿದ. ಅವನ ಕೊಟ್ಟಿಗೆಯಲ್ಲೂ ಎಳೆಗರು ಇತ್ತೆಂದು ಆಮೇಲೆ ತಿಳಿಯಿತು. ಅವನು ಹೋಗುವಷ್ಟರಲ್ಲಿ ಹೆಂಡತಿ ಬುಟ್ಟಿ ತುಂಬಿ ಇಟ್ಟಿದ್ದಳು, ಕರು ಇನ್ನೂ ಮುಟ್ಟಿರಲಿಲ್ಲ.

ನಾಲ್ಕು ದಿನದಲ್ಲಿ ಐದೂ ತಾಲ್ಲೂಕು ಮುಗಿಸಿದೆವು. ಸುನಂದಾ ಅವರಿಗೆ ಫೋನ್ ಮಾಡಿದವರಲ್ಲಿ ಇನ್ನೂ ಮೂವರ ಕರುಗಳು ಮೇವು ಬಿಟ್ಟಿದ್ದವು, ಎಲ್ಲವೂ ಚೇತರಿಸಿಕೊಂಡವು. ಒಂದು ಕರುವೂ ಸಾಯಲಿಲ್ಲ. ವ್ಯಾಪಾರಕ್ಕೆ ಪೆಟ್ಟು ಬೀಳದೆ ಇರಲಿಲ್ಲ. ‘ವಿಷದ ಚೀಲ’ ಎಂದು ಬೇರೆ ಸರಕಿನವರು ಹಬ್ಬಿಸಿದರು. ಅಥಣಿಯ ಒಬ್ಬ ದೊಡ್ಡ ಅಂಗಡಿಯವನು ಪ್ರಶಾಂತನನ್ನು ಒಳಗೇ ಬಿಡದೆ ಚೀಲವನ್ನೆಲ್ಲ ಹೊರಗೆ ಹಾಕಿದ. ಇವತ್ತಿಗೂ ಅವನು ಆ ಸರಕು ಇಡುವುದಿಲ್ಲ. ಉಳಿದ ಕಡೆ ಮಾರಾಟ ಹಳೆಯ ಮಟ್ಟಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಅದನ್ನು ಮೀರಿತು. ಅದಕ್ಕೆ ಕಾರಣ ನಮ್ಮ ಜಾಹೀರಾತು ಎಂದು ನಾನು ಎಲ್ಲೂ ಹೇಳಿಕೊಂಡಿಲ್ಲ.

ಆಮೇಲೆ ಕೇಳುತ್ತೇನೆ ಎಂದಿದ್ದರಲ್ಲ, ಒಂದು ತಿಂಗಳು ಬಿಟ್ಟು ಸುನಂದಾ ಬೆಳಗಾವಿಯ ನಮ್ಮ ಆಫೀಸಿಗೆ ಬಂದರು. ಕರಾರು ಮುರಿಯಲು ಬಂದಿದ್ದಾರೆಂದೇ ನಾವೆಲ್ಲ ತಿಳಿದೆವು. ಮುಖ್ಯಸ್ಥರು ಫೈಲನ್ನು ಮುಂದಿಟ್ಟುಕೊಂಡು ಕೂತಿದ್ದರು. ಸುನಂದಾ ಅದನ್ನು ತೆರೆಯಲಿಲ್ಲ. ಸಾಲು ಹೇಗೆ ಮಾಯವಾಯಿತು, ತಮಗೆ ತೋರಿಸಬೇಕು ಎಂದರು. ಪ್ರಶಾಂತ ಕಂಪ್ಯೂಟರ್ ಮುಂದೆ ಕೂತು ತೋರಿಸಿದ. ಡಿಸೈನಿನಲ್ಲಿ ಚಿತ್ರ, ಬಣ್ಣ, ಅಕ್ಷರ ಎಲ್ಲ ಒಂದರ ಮೇಲೊಂದು ಪದರವಾಗಿರುತ್ತವೆ. ಅಳತೆ ಇಳಿಸುವಾಗ ಕನ್ನಡದ ಬದಿಯಲ್ಲಿ ಹಸಿರು ಪಟ್ಟಿಯ ಪದರ ಮೇಲಕ್ಕೆ ಸರಿದು ಸಾಲನ್ನು ಮುಚ್ಚಿತ್ತು. ಸಾಲು ಫೈಲಿನಲ್ಲಿ ಇತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ.

“ಇನ್ನ ಮ್ಯಾಲ ಹೊಸ ಚೀಲ ಅಚ್ಚಿಗೆ ಹೋಗೂ ಮುಂದ ನನಗೊಬ್ಬಾಕಿಗೇ ತೋರಸಬ್ಯಾಡ್ರಿ” ಎಂದರು ಸುನಂದಾ. “ನಾ ಬರದದ್ದು ನನಗ ಬಾಯಿಪಾಠ ಇರತೈತಿ, ಇಲ್ಲದಿದ್ರೂ ಐತಿ ಅಂತ ಓದತೀನಿ. ನೀವೂ ಹಂಗ. ದನ ಸಾಕೂ ಯಾರದರ ಕೈಯಾಗ ಕೊಡ್ರಿ. ಓದಿ, ಏನ ತಿಳೀತು ಅಂತ ಅವರ ಬಾಯಿಲೆ ಹೇಳಲಿ. ಆಮ್ಯಾಲ ನಾ ಸಹಿ ಮಾಡತೀನಿ.”

ಮುಖ್ಯಸ್ಥರು ತಡೆಯಲಾರದೆ ಕೇಳಿಯೇಬಿಟ್ಟರು: “ಅಂದರೆ ನೀವು ನಮ್ಮ ಜೊತೆಯೇ ಮುಂದುವರಿಯುತ್ತೀರಾ?”

“ಬ್ಯಾರೆ ಏಜೆನ್ಸಿಗೆ ಹೋದ್ರ ಅವರೂ ಒಂದಿನ ತಪ್ಪತಾರ್ರಿ. ತಪ್ಪಿದ ದಿನ ಗಾಡಿ ಹತ್ತಿ ನನ್ನ ಹಂತೇಕ ಬರತಾರೋ ಇಲ್ಲೋ, ಅದು ನನಗ ಹೆಂಗ ಗೊತ್ತಾಗಬೇಕು? ಇವರು ಬರತಾರ ಅಂತ ಗೊತ್ತೈತಿ.”

ಮುಖ್ಯಸ್ಥರು ಆ ಫೈಲನ್ನು ಮೇಜಿನ ಖಾನೆಗೆ ಸೇರಿಸಿ ಚಹಾ ತರಿಸಿದರು.

ಕ್ಲೈಂಟ್ ಎಂದರೆ ಒಲಿಸಿಕೊಳ್ಳಬೇಕಾದವರು, ಇಲ್ಲವೇ ಸಹಿ ಹಾಕಿಸಿಕೊಂಡು ಸಾಗಹಾಕಬೇಕಾದವರು ಎಂದು ಮೂವತ್ತು ವರ್ಷ ತಿಳಿದಿದ್ದ ನನಗೆ, ಒಂದೇ ಕೆಲಸದ ಎರಡು ತುದಿ ಹಿಡಿದವರು ಹೇಗಿರಬೇಕೆಂದು ತೋರಿಸಿಕೊಟ್ಟವರು ಸುನಂದಾ. ಅದನ್ನು ಅವರು ಉಪದೇಶವಾಗಿ ಹೇಳಲಿಲ್ಲ. ಮೊದಲು ಕರುವಿನ ಬಗ್ಗೆ ಕೇಳಿದರು, ಆಮೇಲೆ ಊರಿನ ಬಗ್ಗೆ, ನಮ್ಮ ತಪ್ಪಿನ ಬಗ್ಗೆ ಕೊನೆಗೆ. ನಿವೃತ್ತಿಯಾಗುವವರೆಗೆ ಉಳಿದ ಎರಡು ವರ್ಷ ನಾನು ಯಾವ ಪ್ರೂಫ್ ಕಳಿಸುವಾಗಲೂ ‘ಏನೂ ಬದಲಾಗಿಲ್ಲ’ ಎಂಬ ಮಾತು ಆಡಲಿಲ್ಲ. ಕಾಗದವನ್ನು ಕೈಯಲ್ಲಿ ಹಿಡಿದು, ಮೊದಲ ಅಕ್ಷರದಿಂದ, ಗಟ್ಟಿಯಾಗಿ ಓದುತ್ತಿದ್ದೆ. ಆಫೀಸಿನ ಹೊಸಬರು ಮೊದಮೊದಲು ನಗುತ್ತಿದ್ದರು. ಪ್ರಶಾಂತ ಮಾತ್ರ ಎದ್ದು ಬಂದು ಪಕ್ಕದಲ್ಲಿ ಕೂತು, ನಾನು ಓದಿದ್ದನ್ನು ತನ್ನ ಪ್ರತಿಯಲ್ಲಿ ಬೆರಳಿಟ್ಟು ನೋಡುತ್ತಿದ್ದ.